ಗಾಜಿಲ್ಲದ ಕನ್ನಡಕ, ಒಂಬತ್ತನೆಯ ಪುಟ

“ಈ ಸಲ ನನ್ನ ಫೋಟೊ ನೋಡಿ ಯಾರೂ ನಗಕೂಡದು! ನಗುವವರ ಬಾಯಿಗೆ ಬೀಗ ಜಡಿಯುವಂಥ ಫೋಟೊ ತೆಗೆಸಿಯೇ ತೀರುತ್ತೇನೆ!” ಎಂದು ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಘೋಷಿಸಿದೆ.

“ಲೋಟ ಒಡೀಬೇಡಿ,” ಎಂದಳು ಹೆಂಡತಿ.

ನಮ್ಮ ಮುದ್ರಣಾಲಯಕ್ಕೆ ಐವತ್ತು ತುಂಬಿತ್ತು. ಸ್ಮರಣ ಸಂಚಿಕೆಯಲ್ಲಿ ನನ್ನ ಭಾವಚಿತ್ರ, ಅದೂ ಇಡೀ ಪುಟ! ಇಪ್ಪತ್ತಾರು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕರಡು ತಿದ್ದಿದವನು ನಾನು. ನನ್ನ ಸಹಿ ಬೀಳದೆ ಒಂದು ಹಾಳೆಯೂ ಅಚ್ಚಿನ ಯಂತ್ರ ಏರುವುದಿಲ್ಲ. ಅಂಥವನ ಗುರುತಿನ ಚೀಟಿಯನ್ನು ನೀವು ನೋಡಬೇಕು! ಕನ್ನಡಕಕ್ಕೆ ಬೆಳಕು ಹೊಡೆದು, ಕಣ್ಣಿರಬೇಕಾದ ಜಾಗದಲ್ಲಿ ಎರಡು ಬಿಳಿ ಬಿಲ್ಲೆ. ಅಂದಿನಿಂದ ಯಂತ್ರದ ಕೋಣೆಯವರಿಗೆಲ್ಲ ನಾನು ‘ಹೆಡ್‌ಲೈಟು’. ಆ ಹೆಸರನ್ನು ಅಳಿಸಲು ಇದೊಂದೇ ಅವಕಾಶ.

ಒಂದು ವಾರ ತಯಾರಿ ನಡೆಸಿದೆ. ಒಂಬತ್ತಕ್ಕೇ ನಿದ್ದೆ, ಇಸ್ತ್ರಿ ಮಾಡಿದ ನೀಲಿ ಅಂಗಿ, ಕನ್ನಡಿ ಮುಂದೆ ಮುಗುಳ್ನಗೆಯ ಅಭ್ಯಾಸ.

“ಏನ್ರೀ, ಹಲ್ಲು ನೋವಾ?”

“ಇದು ಮುಗುಳ್ನಗೆ ಕಣೇ!”

“ಸದ್ಯ! ಡಾಕ್ಟರಿಗೆ ಫೋನ್ ಮಾಡೋದ್ರಲ್ಲಿದ್ದೆ.”

ಹೊರಡುವ ದಿನ ಅವಳು ಹೇಳಿದಳು: “ಮುಖ ಒಂಚೂರು ಕೆಳಗೆ ಮಾಡಿ ಸಾಕು, ಗಾಜು ಹೊಳೆಯಲ್ಲ.” ನಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಹೊಳೆಯಲು ಗಾಜೇ ಇಲ್ಲದಿದ್ದರೆ? ಹೊಲಿಗೆ ಯಂತ್ರದ ಡಬ್ಬಿಯಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಎರಡೂ ಗಾಜು ಕಳಚಿ ಲೋಟಕ್ಕೆ ಹಾಕಿ, ಬರೀ ಚೌಕಟ್ಟನ್ನು ಮೂಗಿಗೇರಿಸಿದೆ.

“ಮೆಟ್ಟಿಲು ಹೇಗ್ರೀ ಇಳೀತೀರಾ?”

“ಕಾಲಿಂದ!”

“ನಾನೂ ಬರ್ತೀನಿ.”

“ಖಂಡಿತ ಬೇಡ!”

ಸ್ಟುಡಿಯೊ ತಲುಪಿ, ಬಿಳಿ ಛತ್ರಿ ಕಟ್ಟಿದ ದೀಪದ ಕಂಬಕ್ಕೆ ವಿನಯದಿಂದ ನಮಸ್ಕರಿಸಿದೆ. “ನಾನು ಇಲ್ಲಿದೀನಿ ಸಾರ್,” ಎಂದು ಬೇರೆ ಮೂಲೆಯಿಂದ ಛಾಯಾಗ್ರಾಹಕಿಯ ದನಿ ಬಂತು. ಇರಲಿ, ದೀಪಕ್ಕೂ ಮರ್ಯಾದೆ ಬೇಕು!

ಎದೆ ಉಬ್ಬಿಸಿ ಕೂತೆ. ಕ್ಲಿಕ್ ಕ್ಲಿಕ್ ಶುರುವಾಯಿತು. ಮಂಜು ಕವಿದಂತಾದರೆ ತೋರುಬೆರಳಿನಿಂದ ಕನ್ನಡಕದ ಗಾಜು ಒರೆಸುವುದು ನನ್ನ ಹಳೆಯ ಚಾಳಿ. ಅಂದು ಲೋಕವೆಲ್ಲ ಮಂಜೇ ಅಲ್ಲವೇ? ಒರೆಸಿದೆ. ಬೆರಳು ಚೌಕಟ್ಟಿನೊಳಗೆ ತೂರಿ ನೇರ ಕಣ್ಣಿಗೇ ಹೋಯಿತು!

“ಅಯ್ಯಯ್ಯೋ!” ಎಂದೆ. ಕ್ಯಾಮೆರಾ “ಕ್ಲಿಕ್” ಎಂದಿತು.

ಕಣ್ಣೀರು ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತೆ. ಹನ್ನೆರಡು ಫೋಟೊಗಳಂತೆ. ನನಗೆ ಕಂಡದ್ದು ಹನ್ನೆರಡು ನೀಲಿ ಮೋಡ. ಆರಿಸಿದ್ದು ಅಂದೇ ಅಚ್ಚಿಗೆ ಹೋಗಬೇಕಿತ್ತು.

“ಮೇಡಮ್ಮಿಗೆ ಫೋನ್‌ನಲ್ಲಿ ಕಳಿಸ್ಲಾ ಸಾರ್? ಅವರೂ ನೋಡ್ಲಿ.”

“ಯಾಕೆ? ಊರಿನ ತಪ್ಪನ್ನೆಲ್ಲ ಹಿಡಿಯುವವನಿಗೆ ತನ್ನ ಮುಖ ಆರಿಸಲು ಬರುವುದಿಲ್ಲವೇ?”

“ಹಾಗಲ್ಲ ಸಾರ್. ಈ ಏಳನೇದು ಮಾತ್ರ...”

“ಅದೇ! ಏಳನೆಯದೇ ಇರಲಿ! ಏನು ಗಾಂಭೀರ್ಯ!”

“ನಿಜವಾಗ್ಲೂನಾ ಸಾರ್?”

“ನನ್ನದು ಒಂದೇ ಮಾತು!” ಎಂದು, ಅವರು ಮುಂದಿಟ್ಟ ಹಾಳೆಯಲ್ಲಿ ಬೆರಳಿಟ್ಟು ತೋರಿಸಿದ ಕಡೆ ‘ಅಚ್ಚಿಗೆ ಹೋಗಬಹುದು’ ಎಂದು ಬರೆದು ಸಹಿ ಜಡಿದೆ.

ಸಂಚಿಕೆ ಬಂದ ದಿನ ಯಂತ್ರದ ಕೋಣೆಯಲ್ಲಿ ನಗುವಿನ ಅಬ್ಬರ. ಒಂಬತ್ತನೆಯ ಪುಟ ತೆರೆದೆ. ಬಾಯಿ ಸೊಟ್ಟಗೆ, ಕನ್ನಡಕದೊಳಗೆ ಬೆರಳು, ಬೆರಳಿನ ತುದಿ ಕಣ್ಣಲ್ಲಿ! ಕೆಳಗೆ ದಪ್ಪಕ್ಷರದಲ್ಲಿ: ‘ಯಾವ ತಪ್ಪೂ ಇವರ ಕಣ್ಣು ತಪ್ಪಿಸದು.’

“ಈ ಪುಟವನ್ನು ಅಚ್ಚಿಗೆ ಬಿಟ್ಟ ಕುರುಡ ಯಾರು?” ಎಂದು ಗುಡುಗಿದೆ.

ಯಂತ್ರದವನು ಒಂದು ಹಾಳೆ ಚಾಚಿದ. ನನ್ನದೇ ಅಕ್ಷರ, ನನ್ನದೇ ಸಹಿ. ನನಗೆ ನಿಜಕ್ಕೂ ಅಳು ಬಂತು.

ಸಂಜೆ ಮನೆಯಲ್ಲಿ ಹೆಂಡತಿ ಆ ಪುಟವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು.

“ಒಂದಂತೂ ಒಪ್ಕೋಬೇಕು ರೀ,” ಎಂದಳು. “ಈ ಸಲ ಗಾಜು ಹೊಳೆದಿಲ್ಲ!”