ದ್ವಿವಚನಕ್ಕೆ ಒಬ್ಬರು ಬೇಕಾಗಿದ್ದಾರೆ

ಸ್ಲೊವೇನ ಭಾಷೆಯಲ್ಲಿ ಏಕವಚನಕ್ಕೂ ಬಹುವಚನಕ್ಕೂ ನಡುವೆ ದ್ವಿವಚನವಿದೆ. ಇಬ್ಬರಿದ್ದರೆ ಒಂದು ರೂಪ, ಮೂವರಿಂದ ಮೇಲೆ ಇನ್ನೊಂದು. ಇದರ ರಕ್ಷಣೆಗೆ ತ್ಸೆಲ್ಯೆ ಪಟ್ಟಣದ ನಮ್ಮ ಭಾಷಾ ಪರಿಚಯ ಕಚೇರಿ ಕಟಿಬದ್ಧವಾಗಿದೆ. ನಾನು ಅಲ್ಲಿ ಠಸ್ಸೆ ಹೊಡೆಯುವವನು.

ಕಳೆದ ಚಳಿಗಾಲ ಪರಿಚಯ ತರಗತಿಗೆ ಸೇರಿದವನು ಒಬ್ಬನೇ, ಬೋಸ್ನಿಯಾದ ಮೆವ್ಲುದಿನ್. ರೈಲು ನಿಲ್ದಾಣದ ಬಳಿ ಬೂರೆಕ್ ಎಂಬ ಮಾಂಸದ ಹೂರಣದ ತಿಂಡಿ ಬೇಯಿಸಿ ಮಾರುತ್ತಾನೆ. ತಿಂಗಳೊಳಗೆ ಪ್ರಮಾಣಪತ್ರ ಸಿಗದಿದ್ದರೆ ವಾಸದ ಪರವಾನಗಿ ಹೋಗಿ, ಅವನು ಗಂಟುಮೂಟೆ ಕಟ್ಟಬೇಕಿತ್ತು.

ನಾಲ್ಕನೆಯ ಪಾಠಕ್ಕೆ ಬಂದಾಗ ಮೇಲಧಿಕಾರಿ ಪೊಡ್ಲೆಸ್ನಿಕ್ ಪುಸ್ತಕ ಮುಚ್ಚಿದರು.

"ಇದು ದ್ವಿವಚನದ ಪಾಠ. ನಿಯಮ ಹನ್ನೊಂದರ ಪ್ರಕಾರ ಒಬ್ಬನಿಗೇ ಇದನ್ನ ಕಲಿಸೋ ಹಾಗಿಲ್ಲ."

"ನೀವೂ ಇದೀರಲ್ಲ ಸಾರ್, ನಾವಿಬ್ರಾಗ್ಲಿಲ್ವಾ?" ಎಂದ ಮೆವ್ಲುದಿನ್.

"ನಾನು ಸರ್ಕಾರ ಕಣಯ್ಯಾ. ಸರ್ಕಾರ ಯಾರ ಜೊತೆಗೂ ಇಬ್ಬರಾಗಲ್ಲ."

ನೆಲ ಒರೆಸುತ್ತಿದ್ದ ನೆವೆಂಕಾ ತಲೆಯೆತ್ತಿದಳು. ಸಮುದ್ರದ ಕಡೆಯವಳು, ಒಂಬತ್ತು ತಲೆಮಾರಿನ ಅಪ್ಪಟ ಸ್ಲೊವೇನ ಹೆಂಗಸು.

"ಪಾಪ, ನನ್ ಹೆಸ್ರು ಬರ್ಕೊಳ್ಳಿ. ಕೂತ್ರೆ ನನ್ ಸೊಂಟಕ್ಕೂ ಆರಾಮ."

ವಿದೇಶಿಯರ ಕಾಲಂನಲ್ಲಿ ಅವಳ ಹೆಸರು ಬರೆದು ಠಸ್ಸೆ ಹೊಡೆದೆ. ಬೇರೆ ಕಾಲಂ ಇರಲಿಲ್ಲ.

ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ: ನೀವಿಬ್ಬರು ಏನು ಮಾಡುತ್ತಿದ್ದೀರಿ? ಮೆವ್ಲುದಿನ್ ಬೆವರು ಒರೆಸಿಕೊಂಡು, ಇಬ್ಬರೂ ಕಾಫಿ ಕುಡಿಯುತ್ತಿದ್ದೇವೆಂದು ದ್ವಿವಚನದಲ್ಲೇ ಒಪ್ಪಿಸಿದ. ನೆವೆಂಕಾ ಅದನ್ನೇ ತನ್ನೂರಿನ ರೂಢಿಯಂತೆ ಬಹುವಚನದಲ್ಲಿ ಹೇಳಿದಳು.

"ಮೂರನೆಯವರು ಎಲ್ಲಿ?" ಎಂದು ಪೊಡ್ಲೆಸ್ನಿಕ್ ಮೇಜಿನ ಕೆಳಗೆ ಬಗ್ಗಿ ನೋಡಿದರು.

"ಯಾವ ಮೂರ್ನೆಯವ್ರು? ನಮ್ಮೂರಲ್ಲಿ ಗಂಡ ಹೆಂಡ್ತಿ ಇಬ್ರೇ ಇದ್ರೂ ಹೀಗೇ ಅನ್ನೋದು!"

"ಅದು ನಿಮ್ಮ ಮನೆ ವಿಷಯ."

ಮೆವ್ಲುದಿನ್ ಪಾಸಾದ. ನೆವೆಂಕಾಳಿಗೆ ನೋಟಿಸು ಹೋಯಿತು: "ಭಾಷೆ ಬಾರದ ಸದರಿ ವಿದೇಶಿಯು ಮೂವತ್ತು ದಿನದೊಳಗೆ ಉತ್ತೀರ್ಣಳಾಗತಕ್ಕದ್ದು. ತಪ್ಪಿದಲ್ಲಿ ಸ್ವದೇಶಕ್ಕೆ ಮರಳತಕ್ಕದ್ದು." ಸ್ವದೇಶದ ಹೆಸರು ತುಂಬುವ ಜಾಗದಲ್ಲಿ ನಾನು "ಇದೇ" ಎಂದು ಬರೆದೆ. ಯಾರೂ ಆಕ್ಷೇಪಿಸಲಿಲ್ಲ. ಠಸ್ಸೆ ನೆಟ್ಟಗೇ ಬಿತ್ತು.

ಸೋಮವಾರ ನೆವೆಂಕಾಳಿಗಾಗಿ ಹೊಸ ತರಗತಿ ಶುರುವಾಯಿತು. ಇಡೀ ಕಚೇರಿಯಲ್ಲಿ ಪ್ರಮಾಣಪತ್ರ ಇದ್ದವನು ಮೆವ್ಲುದಿನ್ ಒಬ್ಬನೇ ಆದ್ದರಿಂದ ಪಾಠ ಅವನಿಗೇ ವಹಿಸಲಾಯಿತು.

"ಅಕ್ಕಾ, ನಿಮ್ ಜೊತೆಗೊಬ್ರು ಬೇಕಲ್ಲ," ಎಂದ ಅವನು. ಎಲ್ಲರೂ ನನ್ನತ್ತ ನೋಡಿದರು.

ನನ್ನ ಹೆಸರನ್ನು ವಿದೇಶಿಯರ ಕಾಲಂನಲ್ಲಿ ನಾನೇ ಬರೆದು, ಠಸ್ಸೆಯನ್ನು ಪೊಡ್ಲೆಸ್ನಿಕ್ ಕೈಗಿತ್ತು, ಅವಳ ಪಕ್ಕ ಕುಳಿತೆ.