ಅತ್ತೆಯ ಕ್ಯಾಸೆಟ್ಟೂ ಅಳಿಯನ ಕಂಪ್ಯೂಟರೂ

“ಇವತ್ತು ನನ್ ಕಂಪ್ಯೂಟರ್ ಹೇಳಿದ್ ಮಾತು ಕೇಳ್ದೇ ಇದ್ರೆ ನನ್ ಹೆಸ್ರು ಖುರ್ಷಿದ್ ಪಾಷಾನೇ ಅಲ್ಲ!”

ಹಿರೇಹಳ್ಳಿಯ ಕಾರ್ಖಾನೆಯೊಂದರ ಫೋರ್‌ಮನ್ ಖುರ್ಷಿದ್ ಪಾಷಾ ತುಮಕೂರಿನ ತನ್ನ ಮನೆಯಲ್ಲಿ ಹೀಗೆ ಘೋಷಿಸಿದಾಗ, ಹೆಂಡತಿ ಶಕೀಲಾ ಅವರೆಕಾಯಿ ಬಿಡಿಸುತ್ತಾ, “ಮೊದ್ಲು ನೀವು ನನ್ ಮಾತು ಕೇಳಿ, ಸೀಮೆಎಣ್ಣೆ ತನ್ನಿ” ಎಂದಳು.

ಸೀಮೆಎಣ್ಣೆಯೇ! ಎಂಬತ್ತಾರನೆಯ ಇಸವಿಯಲ್ಲಿ, ಬೆಂಗಳೂರಿನಿಂದ ಬಿಡಿಭಾಗ ತಂದು ಸ್ವಂತ ಕೈಯಾರೆ ಕಂಪ್ಯೂಟರ್ ಜೋಡಿಸಿದ ಮಹಾಪುರುಷನಿಗೆ! ಆದರೆ ಕರೆಂಟ್ ಹೋದರೆ ಸಾಕು, ಆ ಯಂತ್ರ ಕಲಿತದ್ದನ್ನೆಲ್ಲ ಮರೆಯುತ್ತಿತ್ತು. ಅದಕ್ಕೇ ಪ್ರೋಗ್ರಾಮನ್ನು ಕೀಂಗುಟ್ಟುವ ಸದ್ದಾಗಿ ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದ. ಟೇಪ್‌ರೆಕಾರ್ಡರಿಗೆ ವೈರ್ ಸಿಕ್ಕಿಸಿದರೆ ಸ್ಪೀಕರ್ ಬಾಯಿ ಮುಚ್ಚುತ್ತಿತ್ತು. ಸದ್ದೆಲ್ಲ ಕಂಪ್ಯೂಟರಿನೊಳಗೆ ಒಂದೊಂದೇ ಅಂಕೆಯಾಗಿ ಇಳಿಯಬೇಕು.

ಅದೇ ಬೆಳಿಗ್ಗೆ ಶಕೀಲಾಳ ತಾಯಿ ರಹಿಮಾ ಬೀ ಕುಣಿಗಲ್ಲಿನಿಂದ ಬಂದು, ಅದೇ ಟೇಪ್‌ರೆಕಾರ್ಡರಿನ ಮುಂದೆ ಬಾಗಿಲು ಹಾಕಿಕೊಂಡು ಕೂತಿದ್ದರು. ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ದುಡಿಯುವ ಮಗ ಇಸಾಕನಿಗೆ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುವುದು ಅವರ ರೂಢಿ. ಸಂಜೆ ದಮ್ಮಾಮಿಗೆ ಹೊರಡುವ ಪಕ್ಕದ ಮನೆಯ ಮುನಾವರ್ ಅದನ್ನು ಒಯ್ಯಬೇಕಿತ್ತು. ಹೊರಗೆ ಬಂದಾಗ ರಹಿಮಾ ಬೀ ಕಣ್ಣು ಕೆಂಪಾಗಿತ್ತು.

ಮಧ್ಯಾಹ್ನ ಖುರ್ಷಿದ್ ಒಳಗಿದ್ದ ಕ್ಯಾಸೆಟ್ಟನ್ನೇ ಓಡಿಸಿದ. ಯಂತ್ರ ಏನನ್ನೂ ಹಿಡಿಯಲಿಲ್ಲ. ವಾಲ್ಯೂಮ್ ಏರಿಸಿದ. ವೈರ್ ಬದಲಿಸಿದ. ಟೇಪ್ ಉಜ್ಜಿಕೊಂಡು ಓಡುವ ಹೆಡ್ ಒರೆಸಲು ಸ್ಪಿರಿಟ್ ಸಿಗದೆ ಅತ್ತರಿನ ಹತ್ತಿಯನ್ನೇ ಉಜ್ಜಿದ. ಟೇಪ್‌ರೆಕಾರ್ಡರ್ ಮದುಮಗನಂತೆ ಘಮಘಮಿಸಿತೇ ಹೊರತು ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ!

“ಕ್ಯಾಸೆಟ್ ಮೇಲೆ ಹೆಸ್ರು ಬರ್ದಿದೀರಾ?” ಎಂದಳು ಶಕೀಲಾ.

“ಫೋರ್‌ಮನ್ ಕಣೇ ನಾನು! ಮರೆವಿರೋರು ಹೆಸ್ರು ಬರ್ಕೊಳೋದು!”

ರೆಕಾರ್ಡಿಂಗೇ ಕೆಟ್ಟಿದೆ ಎಂದು ತೀರ್ಪು ಕೊಟ್ಟ. ಪ್ರೋಗ್ರಾಮನ್ನು ಹೊಸದಾಗಿ ಕುಟ್ಟಿ, ಆ ಕ್ಯಾಸೆಟ್ಟಿನ ಮೇಲೇ ತುಂಬಿದ. ಭದ್ರವಾಗಿರಲೆಂದು ಮತ್ತೆ ಮತ್ತೆ, ಸಾಕೆನಿಸುವವರೆಗೂ ತುಂಬಿದ. ಹಿಂದಕ್ಕೆ ಸುತ್ತಿ ಹಾಕಿದರೆ, ಆಹಾ, ಯಂತ್ರ ಗಬಕ್ಕನೆ ಹಿಡಿಯಿತು!

“ಬಂತು! ಬಂತು!”

“ಯಾರು, ಮುನಾವರಾ? ಬಾಗ್ಲಲ್ಲೇ ನಿಂತವ್ನೆ” ಎನ್ನುತ್ತಾ ಶಕೀಲಾ ಒಳಗೆ ಬಂದಳು. “ಅಮ್ಮಿ ಕ್ಯಾಸೆಟ್ ಕೊಡಿ. ಆ ಟೇಪ್‌ರೆಕಾರ್ಡರಲ್ಲೇ ಇತ್ತಲ್ಲ?”

ಖುರ್ಷಿದ್ ಅಂಗಿ ಜೇಬು ಮುಟ್ಟಿ ನೋಡಿಕೊಂಡ. ಅವನ ಕ್ಯಾಸೆಟ್ ಅಲ್ಲಿ ಬೆಚ್ಚಗೆ ಮಲಗಿತ್ತು! ವೈರ್ ಕಿತ್ತು ಟೇಪ್ ಓಡಿಸಿದ. ಕೀಂ... ಕೀಂ... ಎಷ್ಟು ಮುಂದೆ ಓಡಿಸಿದರೂ ಕೀಂ. ಕಟ್ಟಕಡೆಗೆ ಅತ್ತೆಯ ದನಿ: “...ಹೊತ್ತಿಗ್ ಸರ್ಯಾಗ್ ಉಣ್ಣು ಮಗಾ.” ಅಷ್ಟೇ ಉಳಿದಿತ್ತು.

“ಅಯ್ಯೋ, ಏನ್ರೀ ಮಾಡ್ಬಿಟ್ರಿ!”

ಖುರ್ಷಿದ್ ಟೇಪ್ ನಿಲ್ಲಿಸಿದ. ಎರಡು ವರ್ಷದಿಂದ ತಾಯಿಯ ಮುಖ ಕಾಣದ ಹುಡುಗ! ಬಾಗಿಲಲ್ಲಿ ಬಂದು ನಿಂತ ಅತ್ತೆಯ ಮುಂದೆ ತಲೆ ತಗ್ಗಿಸಿದ.

“ತಪ್ಪಾಯ್ತು ಅತ್ತೆ. ಎಲ್ಲಾ ಅಳಿಸ್ಬುಟ್ಟೆ.”

ರಹಿಮಾ ಬೀ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುನಾವರನನ್ನು ಕೂರಿಸಿ ಚಹಾ ಕೊಡಿಸಿದರು. ಆಮೇಲೆ ಟೇಪ್‌ರೆಕಾರ್ಡರಿನ ಮುಂದೆ ಕೂತರು.

“ಬುಡಿ ಅಳಿಯಂದ್ರೇ, ಇನ್ನೊಂದ್ಸಲ ಹೇಳಿದ್ರಾಯ್ತು. ಬೆಳಿಗ್ಗೆ ‘ನಿನ್ ಭಾವ ಭಾಳ ಬುದ್ವಂತ’ ಅಂತ ಹೇಳ್ಬುಟ್ಟಿದ್ದೆ. ಅದೊಂದ್ ಅಳಿಸೋಗಿದ್ದು ಒಳ್ಳೇದೇ ಆಯ್ತು. ಬಟನ್ ಒತ್ತಿ!”