ಒಂದು ಕಾಯಿ ಉಂಡೆಗೆ ಘಟನೋತ್ತರ ಮಂಜೂರಾತಿ ಕೋರಿ

ಇಂದ:
ಶರಣಪ್ಪ ಬ. ಕುಂದಗೋಳ,
ವಯಸ್ಸು ೫೭, ಕಚೇರಿ ಅಧೀಕ್ಷಕ (ರಜೆ ವಿಭಾಗ), ಅಲಿಪುರದ ಒಂದು ಕೇಂದ್ರ ಸರ್ಕಾರಿ ಕಚೇರಿ.
ವಾಸ: ಮೂರನೇ ಮಹಡಿ, ಟಾಲಿಗಂಜ್, ಕೋಲ್ಕತ್ತಾ.

ಗೆ:
ಕುಮಾರಿ ಪೂರ್ವಿ ಅವರು,
ಜೀವನಶೈಲಿ ತರಬೇತುದಾರರು, ಸಕ್ಕರೆ ಕಾಯಿಲೆ ತಡೆ ಶಿಬಿರ,
ಕನ್ನಡ ಕೂಟದ ಸಭಾಂಗಣ, ಟಾಲಿಗಂಜ್.

ಮಾನ್ಯರೇ,

ವಿಷಯ: ವಿಜಯದಶಮಿಯ ಸಂಜೆ ಪರರ ತಟ್ಟೆಯಿಂದ ತೆಗೆದು ತಿಂದ ಒಂದು (೧) ಬೆಲ್ಲದ ಕಾಯಿ ಉಂಡೆಗೆ ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ.

ಉಲ್ಲೇಖ: ೧) ಹೋದ ವರ್ಷ ದುರ್ಗಾ ಪೂಜೆಗೆ ಮುಂಚಿನ ಭಾನುವಾರ ತಾವು ಬೋಧಿಸಿದ ‘ಬೇಡ ಎನ್ನುವ ನಾಲ್ಕು ಹೆಜ್ಜೆಗಳು’.
೨) ಶಿಬಿರದ ಬಂಗಾಳಿ ಕರಪತ್ರ, ಮೂರನೇ ಸಾಲು.
೩) ಈ ವರ್ಷ ಅಷ್ಟಮಿಯ ದಿನ ತಾವು ಫೋನಿನಲ್ಲಿ ನೀಡಿದ ಮೌಖಿಕ ಆದೇಶ (ಊರ್ಜಿತವಲ್ಲ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ:

೧. ನಾನು ಇಪ್ಪತ್ತೆರಡು ವರ್ಷಗಳಿಂದ ಇತರರ ರಜೆ ಅರ್ಜಿಗಳನ್ನು ಪರಿಶೀಲಿಸುತ್ತ ಬಂದವನು. ಪರಿಶೀಲಿಸುವುದೆಂದರೆ ತಿರಸ್ಕರಿಸುವುದು ಎಂದು ನಮ್ಮ ಕಚೇರಿಯಲ್ಲಿ ಆಡಿಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಚೇತನನೆಂಬ ಹುಡುಗ ತನ್ನದೇ ಮದುವೆಗೆ ರಜೆ ಕೇಳಿದಾಗ, ಲಗ್ನಪತ್ರಿಕೆ ಲಗತ್ತಿಸಿಲ್ಲವೆಂಬ ಕಾರಣಕ್ಕೆ ಅರ್ಜಿಯನ್ನು ಹಿಂತಿರುಗಿಸಿದ್ದೆ. ಮರುದಿನ ಅವನು ಲಗ್ನಪತ್ರಿಕೆ ತಂದ, ಅದರ ಮೇಲೆ ನನ್ನ ಹೆಸರನ್ನೂ ಬರೆದಿದ್ದ. ನಾನು ಹೋಗಿ ಉಂಡೂ ಬಂದೆ. ಅರ್ಜಿಯ ಬೆಲೆ ಏನೆಂದು ಬಲ್ಲವನೇ ಇದನ್ನು ಬರೆಯುತ್ತಿದ್ದಾನೆ ಎಂಬುದು ತಮ್ಮ ಗಮನದಲ್ಲಿರಲಿ.

೨. ಹದಿಮೂರು ತಿಂಗಳ ಹಿಂದೆ ನನ್ನ ಮೂರು ತಿಂಗಳ ಸಕ್ಕರೆಯ ಸರಾಸರಿ ೬.೨ ಬಂದಿತ್ತು. ಇನ್ನೂ ಕಾಯಿಲೆಯಲ್ಲ, ಕಾಯಿಲೆಯ ಹೊಸ್ತಿಲು ಎಂದರು ಡಾಕ್ಟರು. ಊರಲ್ಲಿ ನಮ್ಮ ಅಣ್ಣ ಅಣ್ಣಪ್ಪ ಇದೇ ಹೊಸ್ತಿಲು ದಾಟಿ ಒಳಗೆ ಹೋಗಿ, ಒಂದು ಕಾಲ್ಬೆರಳನ್ನು ಅಲ್ಲಿಯೇ ಬಿಟ್ಟು ಬಂದಿದ್ದಾನೆ. ಆದ್ದರಿಂದ ನಾನು ಹೆದರಿದೆ. ಆ ಕಾರಣಕ್ಕೆ ತಮ್ಮ ಶಿಬಿರಕ್ಕೆ ಸೇರಿದೆ. ಹೆದರಿದ್ದರಿಂದಲೇ ತಾವು ಹೇಳಿದ್ದನ್ನೆಲ್ಲ ಸುತ್ತೋಲೆಯೆಂದು ತಿಳಿದು ಅಕ್ಷರಶಃ ಪಾಲಿಸಿದೆ. ಮನೆ ಹತ್ತಿರದ ಸರೋವರದ ಸುತ್ತ ದಿನಕ್ಕೆ ನಲವತ್ತು ನಿಮಿಷ ನಡೆದೆ. ಅನ್ನದ ಪ್ರಮಾಣ ಇಳಿಸಿ, ಪಲ್ಯದ ಪ್ರಮಾಣ ಏರಿಸಿದೆ. ತಿಂದದ್ದನ್ನೆಲ್ಲ ಡೈರಿಯಲ್ಲಿ ಬರೆದು, ಪ್ರತಿ ಪುಟಕ್ಕೂ ಸಹಿ ಹಾಕಿ, ಗೌರಿಯಿಂದ (ನನ್ನ ಹೆಂಡತಿ) ಮೇಲುಸಹಿ ಮಾಡಿಸಿದೆ. ಈಗ ಸರಾಸರಿ ೫.೬ ಆಗಿದೆ, ತೂಕ ಆರು ಕಿಲೋ ಇಳಿದಿದೆ. ಇದಕ್ಕಾಗಿ ತಮಗೆ ನನ್ನ ಕೃತಜ್ಞತೆ ಇದೆ, ಮತ್ತು ಅದು ಮನಃಪೂರ್ವಕವಾದದ್ದು.

೩. ತೊಂದರೆಯಾದದ್ದು ಹೋದ ವರ್ಷದ ದಶಮಿಯಂದು.

೪. ನಮ್ಮ ಕೆಳಗಿನ ಮಹಡಿಯಲ್ಲಿ ಶ್ರೀಮತಿ ನಿಭಾನನಿ ಘೋಷಾಲ್ ಇದ್ದಾರೆ. ವಯಸ್ಸು ಎಂಬತ್ತೊಂದು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಇಡೀ ಕಟ್ಟಡಕ್ಕೆ ಅವರು ಮಾಶಿಮಾ, ಅಂದರೆ ಚಿಕ್ಕಮ್ಮ. ಹತ್ತೊಂಬತ್ತು ವರ್ಷದ ಹಿಂದೆ ನಾವು ಧಾರವಾಡದಿಂದ ಬಂದಿಳಿದಾಗ, ಗ್ಯಾಸ್ ಸಂಪರ್ಕ ಸಿಗುವವರೆಗೆ ಹನ್ನೊಂದು ದಿನ ಊಟ ಹಾಕಿದವರು. ನಮ್ಮ ಮಗಳು ಇಂಚರಾ ಅವರ ತೊಡೆಯ ಮೇಲೆ ಕೂತೇ ಬಂಗಾಳಿ ಅಕ್ಷರ ಕಲಿತಳು. ಪ್ರತಿದಿನ ಬೆಳಿಗ್ಗೆ ಅವರು ತಮ್ಮ ಬಾಲ್ಕನಿಯಿಂದ ಕತ್ತೆತ್ತಿ ನಮ್ಮ ಬಾಲ್ಕನಿಯತ್ತ ಕೂಗಿ ಎರಡು ವಿಷಯ ವಿಚಾರಿಸುತ್ತಿದ್ದರು: ಇವತ್ತು ಏನು ಅಡುಗೆ, ಮತ್ತು ಮಾರುಕಟ್ಟೆಯಲ್ಲಿ ರೋಹು ಮೀನಿನ ದರ ಏನಾಗಿದೆ ಗೊತ್ತೇ. ನಾವು ಮೀನು ಮುಟ್ಟುವವರಲ್ಲ. ಆದರೂ ಹದಿನೆಂಟು ವರ್ಷ ನನಗೆ ರೋಹುವಿನ ದರ ಗೊತ್ತಿಲ್ಲದ ದಿನವೇ ಇರಲಿಲ್ಲ.

೫. ದಶಮಿಯ ಸಂಜೆ ಹಿರಿಯರ ಕಾಲಿಗೆ ಬಿದ್ದು, ಅವರು ಕೊಟ್ಟ ಸಿಹಿ ತಿನ್ನುವುದು ಇಲ್ಲಿನ ಪದ್ಧತಿ. ಇಲ್ಲಿಯೇ ಹುಟ್ಟಿದ ತಮಗೆ ನಾನು ಹೇಳಬೇಕಾದದ್ದಿಲ್ಲ. ಮಾಶಿಮಾ ತಮ್ಮ ಕೈಯಾರೆ ಕಟ್ಟಿದ ಕಾಯಿ ಉಂಡೆಗಳನ್ನು ಹೋದ ವರ್ಷವೂ ನನ್ನ ಮುಂದೆ ಹಿಡಿದರು. ನಾನು ಉಲ್ಲೇಖ ೧ರಂತೆ ಕ್ರಮ ಕೈಗೊಂಡೆ. ಹೆಜ್ಜೆ ಒಂದು: ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಎರಡು: ಮುಗುಳ್ನಕ್ಕೆ. ಮೂರು: ತಟ್ಟೆಗೆ ಕೈ ಅಡ್ಡ ಹಿಡಿದೆ. ನಾಲ್ಕು: ‘ಕಾರಣವನ್ನು ಸ್ಪಷ್ಟವಾಗಿ ತಿಳಿಸಿ’ ಎಂದು ತಾವು ಹೇಳಿದ್ದಿರಿ. ನನ್ನ ಜೇಬಿನಲ್ಲಿ ತಮ್ಮದೇ ಕರಪತ್ರವಿತ್ತು. ಕಚೇರಿಯಲ್ಲಿ ಸುತ್ತೋಲೆ ಓದುವ ದನಿಯಲ್ಲಿ ಅದರ ಮೂರನೇ ಸಾಲನ್ನು ನಿಂತು ಓದಿದೆ: ‘ಸಕ್ಕರೆ, ಬೆಲ್ಲ, ಎರಡೂ ನಿಧಾನ ವಿಷ.’ ಹನ್ನೊಂದು ಜನ ಅತಿಥಿಗಳಿದ್ದರು. ಫ್ಯಾನಿನ ಸದ್ದೊಂದು ಬಿಟ್ಟರೆ ಬೇರೇನೂ ಕೇಳಲಿಲ್ಲ. ನನ್ನ ಬಂಗಾಳಿ ಉಚ್ಚಾರಣೆ ಮೆಚ್ಚುಗೆಯಾಗಿದೆ ಎಂದು ನಾನು ಭಾವಿಸಿದೆ.

೬. ಮರುದಿನ ಬೆಳಿಗ್ಗೆ ಕೆಳಗಿನ ಬಾಲ್ಕನಿಯಿಂದ ಕೂಗು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಾಶಿಮಾ ಕಾಗೆಯೊಂದಿಗೆ ಮಾತಾಡುತ್ತಿದ್ದರು, ನಲ್ಲಿ ರಿಪೇರಿಯವನೊಂದಿಗೆ ಮಾತಾಡುತ್ತಿದ್ದರು, ಗೌರಿಯೊಂದಿಗೂ ಇಂಚರಾಳೊಂದಿಗೂ ಎಂದಿನಂತೆ ಇದ್ದರು. ನನ್ನನ್ನು ಕಂಡರೆ ಮಾತ್ರ ಪರದೆ ಎಳೆಯುತ್ತಿದ್ದರು. ಹೋಗಿ ಕ್ಷಮೆ ಕೇಳಿರೆಂದು ಗೌರಿ ಹೇಳಿದಳು. ನಾನು ನಿಯಮದ ಪ್ರಕಾರ ನಡೆದುಕೊಂಡಿದ್ದೇನೆ, ಕ್ಷಮೆಯ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಆರು ತಿಂಗಳು ಬಿಗಿದುಕೊಂಡೇ ಇದ್ದೆ. ಆಮೇಲೆ ಬಂಗಾಳಿ ಹೊಸ ವರ್ಷಕ್ಕೆ ಮೂರನೇ ಮಹಡಿಯಿಂದ ಎರಡನೇ ಮಹಡಿಗೆ ವಿಷಾದ ಸೂಚಿಸಿ ರಿಜಿಸ್ಟರ್ ಅಂಚೆಯಲ್ಲಿ ಒಂದು ಪತ್ರ ಕಳಿಸಿದೆ. ಸ್ವೀಕೃತಿ ಚೀಟಿ ಸಹಿಯಾಗಿ ಬಂತು. ಉತ್ತರ ಬರಲಿಲ್ಲ.

೭. ಸಕ್ಕರೆ ಇಳಿಯಿತು, ತೂಕ ಇಳಿಯಿತು, ಪ್ಯಾಂಟು ಸಡಿಲವಾಯಿತು, ನಿಜ. ಆದರೆ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತರೆ ಏನೋ ಕಳೆದುಕೊಂಡಂತೆ ಅನಿಸುತ್ತಿತ್ತು. ರೋಹುವಿನ ದರ ಏನಾಗಿದೆಯೋ ತಿಳಿಯದೆ ಒಂದು ವರ್ಷ ಕಳೆದೆ. ಇದನ್ನು ಡೈರಿಯ ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ಗೊತ್ತಾಗದೆ ಬರೆದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

೮. ಈ ವರ್ಷ ಹಾಗಾಗಬಾರದೆಂದು ತಮ್ಮ ಶಿಬಿರದ ಕೈಪಿಡಿಯನ್ನು ಆದ್ಯಂತ ಓದಿದೆ. ಅದರಲ್ಲಿ ರಜೆಯ ಅಧ್ಯಾಯವೇ ಇಲ್ಲ. ಇದು ಗಂಭೀರ ಲೋಪ. ನಮ್ಮಲ್ಲಿ ತಿಂಗಳಿಗೆ ಎರಡೂವರೆ ದಿನ ಗಳಿಕೆ ರಜೆ ಇದೆ. ಅದೇ ದರದಲ್ಲಿ, ರಜೆಯ ಒಂದು ದಿನಕ್ಕೆ ಒಂದು ಉಂಡೆಯೆಂದು ಹಿಡಿದರೂ, ಹದಿಮೂರು ತಿಂಗಳ ಪಥ್ಯಕ್ಕೆ ಮೂವತ್ತೆರಡೂವರೆ ಉಂಡೆ ನನ್ನ ಹೆಸರಿನಲ್ಲಿ ಬಾಕಿ ಇವೆ. ನಾನು ಒಂದನ್ನು ಮಾತ್ರ ಕೇಳಲು ನಿರ್ಧರಿಸಿ ಅಷ್ಟಮಿಯ ದಿನ ತಮಗೆ ಫೋನ್ ಮಾಡಿದೆ. ತಾವು ನಕ್ಕಿರಿ.

“ಅಂಕಲ್, ಒಂದೇ ತಾನೆ? ತಿನ್ನಿ ನಾ! ಡೈರಿಯಲ್ಲಿ ಬರೆದುಬಿಟ್ಟು ಹತ್ತು ನಿಮಿಷ ಎಕ್ಸ್‌ಟ್ರಾ ನಡೀರಿ, ಬಸ್. ಇದಕ್ಕೆ ಅಪ್ಲಿಕೇಶನ್ ಯಾಕೆ?”

ಲಿಖಿತದಲ್ಲಿ ಕೊಡಿ ಎಂದೆ. ತಾವು ಇನ್ನಷ್ಟು ನಕ್ಕು ಫೋನ್ ಇಟ್ಟಿರಿ. ಆದ್ದರಿಂದ ಪೂರ್ವಾನುಮತಿಯ ಅರ್ಜಿ ಬರೆಯಲು ಕೂತೆ. ಗೌರಿ ಬಂದು ನೋಡಿದಳು.

“ಒಂದ್ ಉಂಡಿ ತಿನ್ಲಿಕ್ಕೆ ಅರ್ಜಿ ಬರೀತಾರೇನ್ರೀ ಯಾರರ? ತಲಿ ಕೆಟ್ಟೈತೇನು ನಿಮಗ?”

“ನಿನಗ ತಿಳಿಯೂದಿಲ್ಲ ಬಿಡು. ಇದು ಪ್ರೊಸೀಜರು.”

“ಆ ಪ್ರೊಸೀಜರಿಂದನ ಮುದುಕಿ ಮಾರಿ ತಿರುವ್ಯಾಳ. ಇನ್ನೂ ಬುದ್ಧಿ ಬರ್ಲಿಲ್ಲಲ್ಲ!”

೯. ದಶಮಿಯ ಸಂಜೆ, ಮಂಜೂರಾಗದ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಕೆಳಗೆ ಹೋದೆ. ಮಾಶಿಮಾ ಕಾಲು ಮುಟ್ಟಿಸಿಕೊಂಡರು, ಮಾತಾಡಲಿಲ್ಲ. ಎಲ್ಲರಿಗೂ ತಟ್ಟೆ ಬಂತು. ತಟ್ಟೆಯಲ್ಲಿ ಎರಡೆರಡು ಉಂಡೆ. ನನಗೂ ಒಂದು ತಟ್ಟೆ ಬಂತು. ಅದರಲ್ಲಿ ಏಳು ಹೋಳು ಸೌತೆಕಾಯಿ ಇತ್ತು. ಪಕ್ಕದಲ್ಲಿ ಹೋದ ವರ್ಷದ ಕರಪತ್ರವನ್ನು ನಾಲ್ಕಾಗಿ ಮಡಚಿ ಇಟ್ಟಿದ್ದರು.

೧೦. ಆ ಸೌತೆಕಾಯಿಯನ್ನು ನೋಡಿ ನನಗೆ ಅಳು ಬಂತು. ಸುಳ್ಳು ಹೇಳುವುದಿಲ್ಲ. ಐವತ್ತೇಳು ವರ್ಷದ ಕಚೇರಿ ಅಧೀಕ್ಷಕನಿಗೆ, ಹನ್ನೊಂದು ಜನರ ಎದುರು. ಮುಂದಿನ ಕ್ರಮ ನಿಯಮಬಾಹಿರವಾದದ್ದು: ಪಕ್ಕದಲ್ಲಿ ಕೂತಿದ್ದ ಬಾಗ್ಚಿ ಮಹಾಶಯರ ತಟ್ಟೆಗೆ ಕೈಹಾಕಿ ಒಂದು ಉಂಡೆ ತೆಗೆದು ಇಡಿಯಾಗಿ ಬಾಯಿಗೆ ಹಾಕಿಕೊಂಡೆ.

೧೧. ಆಗ ಮಾಶಿಮಾ ಮಾತಾಡಿದರು. ಬಂಗಾಳಿಯಲ್ಲಿ ಬೈದದ್ದನ್ನು ನಮ್ಮ ಧಾರವಾಡದ ಕನ್ನಡಕ್ಕೆ ಇಳಿಸಿದ್ದೇನೆ. ಬೈಗುಳಕ್ಕೆ ಅದೇ ಚೆನ್ನಾಗಿ ಒಗ್ಗುತ್ತದೆ.

“ಎಲಾ ಇವನ! ಮಂದಿ ತಾಟಿಗೆ ಕೈ ಹಾಕ್ತಿ? ನಾಚಿಕಿ ಬರೂದಿಲ್ಲೇನು ನಿನಗ? ಹೋದ ವರ್ಷ ಗೌರಿ ಹೇಳಿದ್ಲು ಅಂತ ನಿನ್ನ ಸಲುವಾಗಿ ಬ್ಯಾರೆ ಉಂಡಿ ಮಾಡಿದ್ದೆ, ಬೆಲ್ಲ ಹಾಕದ! ಬೆಲ್ಲ ಇಲ್ಲದ ಉಂಡಿ ನಿಲ್ತಾವೇನು? ಕಟ್ಟಿದಂಗ ಉದುರ್ತಿದ್ದೂವು. ಒತ್ತಿ ಒತ್ತಿ ಕೈ ನೋಯಿಸ್ಕೊಂಡು ನಾಕು ಕಟ್ಟಿದ್ದೆ. ಅದಕ್ಕ ನೀನು ಎದ್ದು ನಿಂತು ವಿಷ ಅಂತ ಓದಿದಿ!”

ಬಾಯಿ ತುಂಬ ಉಂಡೆ ಇದ್ದುದರಿಂದ ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

“ಮ್ಯಾಲ ರಿಜಿಸ್ಟರ್ ಪತ್ರ ಬ್ಯಾರೆ! ದಿನಾ ಕೆರಿ ಸುತ್ತ ನಲವತ್ತು ನಿಮಿಷ ನಡೀತಿ, ನೋಡ್ತೀನಲ್ಲ ನಾನು ಕಿಡಕಿಯಿಂದ, ಬೂಟು ಹಾಕ್ಕೊಂಡು ಹೊಂಟಿರ್ತಿ. ನನ್ನ ಮನಿಗೆ ಇಪ್ಪತ್ತೆರಡು ಮೆಟ್ಲ ಇಳೀಲಿಕ್ಕೆ ಒಂದು ವರ್ಷ ಬೇಕಾತೇನು?”

ಮಾನ್ಯರೇ, ನಾನು ಉಂಡೆ ನುಂಗಿದೆ. ತಪ್ಪಾಯಿತು ಎಂದೆ, ಬಾಯಿಮಾತಿನಲ್ಲಿ, ಯಾವ ಉಲ್ಲೇಖವೂ ಇಲ್ಲದೆ. ಅವರು ಹನ್ನೊಂದು ನಿಮಿಷ ಬೈದರು. ಇಷ್ಟು ಸುಖವಾಗಿ ಬೈಸಿಕೊಂಡದ್ದು ನನ್ನ ಸೇವಾವಧಿಯಲ್ಲಿ ಬೇರೆ ನೆನಪಿಲ್ಲ. ಮರುದಿನ ಬೆಳಿಗ್ಗೆ ರೋಹುವಿನ ದರ ಬಂತು. ಸಿಕ್ಕಾಪಟ್ಟೆ ಏರಿದೆ.

೧೨. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಈ ಕೆಳಗಿನಂತೆ ಪ್ರಾರ್ಥನೆ:

(ಅ) ಸದರಿ ಉಂಡೆಗೆ ಘಟನೋತ್ತರ ಮಂಜೂರಾತಿ ನೀಡುವುದು. ನಿಗದಿತ ಹತ್ತು ನಿಮಿಷವನ್ನು ಹೆಚ್ಚುವರಿಯಾಗಿ ನಡೆಯಲಾಗಿದೆ. ಅದನ್ನು ಮೆಟ್ಟಿಲ ಮೇಲೆ ನಡೆಯಲಾಗಿದೆ. ಈಗ ದಿನಕ್ಕೆ ಎರಡು ಸಲ ಕೆಳಗೆ ಹೋಗಿಬರುತ್ತಿದ್ದೇನೆ.

(ಆ) ನಾಲ್ಕು ಹೆಜ್ಜೆಗಳಿಗೆ ಮೊದಲು ‘ಯಾರು ಕಟ್ಟಿದ್ದು, ಯಾರಿಗಾಗಿ ಕಟ್ಟಿದ್ದು ಎಂದು ಕೇಳುವುದು’ ಎಂಬ ಒಂದು ಹೆಜ್ಜೆ ಸೇರಿಸುವುದು.

(ಇ) ಉಳಿದ ಮೂವತ್ತೊಂದೂವರೆ ಉಂಡೆಗಳ ಹಕ್ಕನ್ನು ನಾನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ. ಅಣ್ಣಪ್ಪನ ಕಾಲು ನನಗೆ ನೆನಪಿದೆ.

(ಈ) ಬರುವ ಭಾನುವಾರ ಮಾಶಿಮಾ ಖುದ್ದಾಗಿ ಶಿಬಿರಕ್ಕೆ ಬರಲಿದ್ದಾರೆ. ಸೇರಲು ಅಲ್ಲ. ‘ಇವನಿಗೆ ವಿಷ ಅಂತ ಕಲಿಸಿದ ಆ ಹುಡುಗಿ ಯಾರು, ನೋಡಬೇಕು’ ಎಂದಿದ್ದಾರೆ. ನಾನು ತಡೆಯಲು ಪ್ರಯತ್ನಿಸಿಲ್ಲ. ತಾವು ಹಾಜರಿರತಕ್ಕದ್ದು; ಅಂದು ತಮ್ಮ ರಜೆ ಅರ್ಜಿ ಬಂದಲ್ಲಿ ಪರಿಶೀಲಿಸಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ (ಒಂದು ಉಂಡೆಯ ಮಟ್ಟಿಗೆ ಹೊರತುಪಡಿಸಿ),
ಶರಣಪ್ಪ ಬ. ಕುಂದಗೋಳ

ಲಗತ್ತುಗಳು:
೧. ಆಹಾರ ಡೈರಿಯ ದಶಮಿಯ ಪುಟ, ಗೌರಿಯ ಮೇಲುಸಹಿ ಮತ್ತು ಷರಾ ಸಹಿತ (ಷರಾ: ‘ಅಂತೂ ಇಂತೂ’).
೨. ಉಂಡೆ ಕಳೆದುಕೊಂಡ ಬಾಗ್ಚಿ ಮಹಾಶಯರ ನಿರಾಕ್ಷೇಪಣಾ ಪತ್ರ.
೩. ರಿಜಿಸ್ಟರ್ ಅಂಚೆಯ ಸ್ವೀಕೃತಿ ಚೀಟಿ. ಇನ್ನು ಬೇಕಾಗಿಲ್ಲ, ತಾವೇ ಇಟ್ಟುಕೊಳ್ಳಬಹುದು.
೪. ಸ್ಟೀಲ್ ಡಬ್ಬಿ ಒಂದು, ಒಳಗೆ ಕಾಯಿ ಉಂಡೆ ನಾಲ್ಕು, ಮಾಶಿಮಾ ಅವರಿಂದ ತಮಗೆ. ತಮ್ಮ ಕೆಲಸದ ಮೇಲಿನ ಗೌರವದಿಂದ ಬೆಲ್ಲ ಹಾಕದೆ ಕಟ್ಟಿದ್ದಾರೆ. ಉದುರುತ್ತವೆ, ಎರಡೂ ಕೈಯಲ್ಲಿ ಹಿಡಿದು ತಿನ್ನತಕ್ಕದ್ದು. ಡಬ್ಬಿಯನ್ನು ಭಾನುವಾರ ಅವರ ಕೈಗೇ ಹಿಂತಿರುಗಿಸಬೇಕು. ಖಾಲಿ ಡಬ್ಬಿ ಕೊಡುವಂತಿಲ್ಲ. ಏನು ತುಂಬಿಸಬೇಕೆಂಬುದು ತಮ್ಮ ವಿವೇಚನೆಗೆ ಬಿಟ್ಟದ್ದು. ಸೌತೆಕಾಯಿ ಮಾತ್ರ ಬೇಡವೆಂದು ಕೋರಿಕೆ.